ಆರದ ಸಂದೇಶ, ಬತ್ತುವ ಜೀವ

ಒಂದು ಲೋಟ ಕೊಳಕು ನೀರು ಗಂಟಲಿಗಿಳಿದು ಅರ್ಧ ದಿನವಾಗಿದೆ. ನೀರಿನ ಜೊತೆ ಒಳಹೋದ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಹೊಟ್ಟೆಯ ಆಮ್ಲದಲ್ಲೇ ಸತ್ತವು. ಉಳಿದವು ಬಾಲ ಬಡಿಯುತ್ತ, ಅಂಟಂಟು ಲೋಳೆಯನ್ನು ಸೀಳುತ್ತ ಬಂದು ಸಣ್ಣ ಕರುಳಿನ ಗೋಡೆಯನ್ನು ಕಚ್ಚಿ ಹಿಡಿದಿವೆ. ವಿಬ್ರಿಯೊ ಕಾಲರೆ, ಕಾಲರಾ ರೋಗದ ಬ್ಯಾಕ್ಟೀರಿಯಾ. ಅಲ್ಪವಿರಾಮ ಚಿಹ್ನೆಯ ಹಾಗೆ ಬಾಗಿದ ಮೈ. ಅವು ಕರುಳನ್ನು ಕೊರೆಯುವುದಿಲ್ಲ, ಜೀವಕೋಶದೊಳಗೆ ನುಗ್ಗುವುದಿಲ್ಲ, ರಕ್ತಕ್ಕೂ ಇಳಿಯುವುದಿಲ್ಲ. ಹೊಸ್ತಿಲಲ್ಲೇ ನಿಂತು ಒಂದು ಪ್ರೋಟೀನನ್ನು ಬಿಡುತ್ತವೆ. ಅಷ್ಟು ಸಾಕು. ಇನ್ನು ಕೆಲವೇ ಗಂಟೆಗಳಲ್ಲಿ ಈ ಮನುಷ್ಯನ ಮೈಯಿಂದ ಗಂಟೆಗೆ ಒಂದು ಲೀಟರಿನವರೆಗೂ ನೀರು ಹರಿದುಹೋಗಲಿದೆ. ಕೈಹಿಡಿಯುವವರು ಯಾರೂ ಇಲ್ಲದಿದ್ದರೆ ಕತ್ತಲಾಗುವುದರೊಳಗೆ ಅವನು ಸಾಯಬಹುದು.

ಆ ಒಂದು ಪ್ರೋಟೀನ್ ಇಷ್ಟು ದೊಡ್ಡ ಅನಾಹುತವನ್ನು ಹೇಗೆ ಮಾಡುತ್ತದೆ? ಉತ್ತರ ಬೇಕಿದ್ದರೆ ಕರುಳಿನ ಒಂದೇ ಒಂದು ಜೀವಕೋಶದೊಳಕ್ಕೆ ಇಳಿಯಬೇಕು. ಅದು ಇನ್ನೂ ನೆಮ್ಮದಿಯಲ್ಲಿದೆ. ವಿಷ ತಲುಪುವ ಮೊದಲು ಅಲ್ಲಿ ಸುದ್ದಿ ಹೇಗೆ ಓಡುತ್ತದೆಂದು ಬೇಗ ನೋಡಿಬಿಡೋಣ.

ಕರುಳಿನ ನರತುದಿಯಿಂದ ಒಂದು ಸಣ್ಣ ಪೆಪ್ಟೈಡ್ ಹೊರಟಿದೆ. ವಾಸೋಆಕ್ಟಿವ್ ಇಂಟೆಸ್ಟೈನಲ್ ಪೆಪ್ಟೈಡ್ ಎಂಬುದು ಪೂರ್ತಿ ಹೆಸರು, ಚುಟುಕಾಗಿ ವಿಐಪಿ. ಅದು ತಂದಿರುವ ಆಜ್ಞೆ: ಒಂದಿಷ್ಟು ನೀರು ಬಿಡು. ಉಂಡದ್ದು ಮುಂದೆ ಜಾರಬೇಕು, ಲೋಳೆ ತೆಳುವಾಗಬೇಕು, ಅದಕ್ಕೆ ಕರುಳಿನಲ್ಲಿ ಸ್ವಲ್ಪ ನೀರು ಸುರಿಯಲೇಬೇಕು. ಆದರೆ ಕೋಶಪೊರೆಯನ್ನು ದಾಟುವ ಶಕ್ತಿ ಆ ಪೆಪ್ಟೈಡಿಗಿಲ್ಲ. ಪೊರೆಯ ದಪ್ಪ 5 ನ್ಯಾನೋಮೀಟರ್ ಆಸುಪಾಸು. ಕೊಬ್ಬಿನ ಎರಡು ಪದರ, ನಡುವೆ ನೀರಿಗೆ ಒಗ್ಗದ ಎಣ್ಣೆಯಂಥ ಪ್ರದೇಶ. ಸುದ್ದಿ ತಂದವನು ಹೊರಗೇ ಉಳಿಯಬೇಕು. ಸುದ್ದಿ ಮಾತ್ರ ಒಳಹೋಗಬೇಕು.

ಪೊರೆಯನ್ನು ಏಳು ಸಲ ಹಾದು ನಿಂತಿರುವ ರಿಸೆಪ್ಟರ್ ಎಂಬ ಪ್ರೋಟೀನ್ ವಿಐಪಿಯನ್ನು ಹಿಡಿಯಿತು. ಹಿಡಿದ ಕ್ಷಣ ರಿಸೆಪ್ಟರಿನ ಮೈ ತಿರುಚಿಕೊಂಡು ಒಳಮಗ್ಗುಲು ಬಿಚ್ಚಿಕೊಂಡಿತು. ಇಂಥದೊಂದು ರಿಸೆಪ್ಟರ್ ಹೀಗೆ ಬಾಯ್ದೆರೆದು ಒಳಗಿನ ಪ್ರೋಟೀನನ್ನು ತಬ್ಬಿಕೊಂಡ ಚಿತ್ರವನ್ನು ಬ್ರಯಾನ್ ಕೋಬಿಲ್ಕಾ ತಂಡ 2011ರಲ್ಲಿ ಪರಮಾಣು ಪರಮಾಣು ಗುರುತಿಸಿ ತೋರಿಸಿತು. ಮರುವರ್ಷವೇ ಅವರಿಗೂ ಅವರ ಗುರು ರಾಬರ್ಟ್ ಲೆಫ್ಕೊವಿಟ್ಜ್ ಅವರಿಗೂ ನೊಬೆಲ್ ಬಂತು.

ಪೊರೆಯ ಒಳಮೈಗೆ ಒತ್ತಿಕೊಂಡು ಜಿಎಸ್ ಎಂಬ ಮೂರು ತುಂಡಿನ ಪ್ರೋಟೀನ್ ಕಾದಿದೆ. ಅದರ ಆಲ್ಫಾ ತುಂಡಿನ ಹಿಡಿಯಲ್ಲಿ ಜಿಡಿಪಿ ಎಂಬ ಪುಟ್ಟ ಅಣು. ಅದನ್ನು ಹಿಡಿದಿರುವಷ್ಟು ಹೊತ್ತೂ ಜಿಎಸ್ ಮೌನಿ. ರಿಸೆಪ್ಟರ್ ತಾಗಿತು. ಹಿಡಿ ಸಡಿಲವಾಯಿತು. ಜಿಡಿಪಿ ಉದುರಿತು, ತೆರವಾದ ಜಾಗಕ್ಕೆ ಒಂದು ಫಾಸ್ಫೇಟ್ ಹೆಚ್ಚಿಗೆ ಹೊತ್ತ ಜಿಟಿಪಿ ನುಗ್ಗಿತು. ಆಲ್ಫಾ ತನ್ನ ಜೊತೆಗಾರರನ್ನು ಬಿಟ್ಟು ಪೊರೆಯ ಒಳಮೈಗುಂಟ ಧಾವಿಸಿತು. ಎದುರಿಗೆ ಸಿಕ್ಕಿದ್ದು ಅಡೆನೈಲಿಲ್ ಸೈಕ್ಲೇಸ್ ಎಂಬ ಕಿಣ್ವ. ಆಲ್ಫಾ ಅದನ್ನು ಮುಟ್ಟಿತೋ ಇಲ್ಲವೋ, ಆ ಕಿಣ್ವ ಎಟಿಪಿಗಳನ್ನು ಒಂದೊಂದಾಗಿ ಹಿಡಿದು ಸೈಕ್ಲಿಕ್ ಎಎಂಪಿಯಾಗಿ ಮಾಡಿ ಕೋಶದೊಳಕ್ಕೆ ಚೆಲ್ಲತೊಡಗಿತು. ಹೊರಗೆ ಬಂದದ್ದು ಒಂದು ಪೆಪ್ಟೈಡ್, ಒಳಗೆ ಈಗ ಸುದ್ದಿಗಾರರ ದಂಡು.

ಸೈಕ್ಲಿಕ್ ಎಎಂಪಿ ಹೋಗಿ ಪ್ರೋಟೀನ್ ಕೈನೇಸ್ ಎ ಎಂಬ ಕಟ್ಟಿಹಾಕಿದ ಕಿಣ್ವದ ಮೇಲೆ ಕೂತಿತು. ನಾಲ್ಕು ಕೂತವು. ಕಟ್ಟು ಬಿಚ್ಚಿತು. ಬಿಡುಗಡೆಯಾದ ಕೈನೇಸ್, ಕರುಳಿನ ಟೊಳ್ಳಿಗೆ ಮುಖಮಾಡಿದ ಸಿಎಫ್‌ಟಿಆರ್ ಎಂಬ ಕಾಲುವೆ-ಪ್ರೋಟೀನಿಗೆ ಫಾಸ್ಫೇಟುಗಳನ್ನು ಅಂಟಿಸಿತು. ಕಾಲುವೆ ತೆರೆಯಿತು. ಕ್ಲೋರೈಡ್ ಹೊರಕ್ಕೆ ಹರಿಯಿತು, ಅದರ ಬೆನ್ನಿಗೆ ಸೋಡಿಯಂ, ಸೋಡಿಯಂ ಬೆನ್ನಿಗೆ ನೀರು. ಆಜ್ಞೆ ಜಾರಿಯಾಯಿತು.

ಈಗ ನಿಲ್ಲಬೇಕು. ನನಗೆ ಈ ಇಡೀ ಓಟದಲ್ಲಿ ಅತ್ಯಂತ ಅಚ್ಚರಿಯ ಗಳಿಗೆ ಇದೇ. ಆಲ್ಫಾಕ್ಕೆ ನಿಲ್ಲು ಎಂದು ಹೊರಗಿನಿಂದ ಯಾರೂ ಹೇಳಬೇಕಾಗಿಲ್ಲ. ಓಡುತ್ತಿರುವಾಗಲೇ ಅದು ತಾನು ಹಿಡಿದ ಜಿಟಿಪಿಯಿಂದ ಕೊನೆಯ ಫಾಸ್ಫೇಟನ್ನು ತಾನೇ ಕತ್ತರಿಸಿ ಹಾಕುತ್ತದೆ. ಜಿಟಿಪಿ ಮತ್ತೆ ಜಿಡಿಪಿಯಾಗುತ್ತದೆ, ಆಲ್ಫಾ ಮತ್ತೆ ಮೌನಿಯಾಗಿ ಜೊತೆಗಾರರ ಬಳಿಗೆ ಮರಳುತ್ತದೆ. ಇದೆಲ್ಲ ಕೆಲವು ಸೆಕೆಂಡುಗಳ ಮಾತು. ಇತ್ತ ಬೇರೆ ಕಿಣ್ವಗಳು ಸೈಕ್ಲಿಕ್ ಎಎಂಪಿಯನ್ನು ಒಡೆಯುತ್ತವೆ, ಅಂಟಿಸಿದ ಫಾಸ್ಫೇಟುಗಳನ್ನು ಕಿತ್ತು ಹಾಕುತ್ತವೆ. ಕಾಲುವೆ ಮುಚ್ಚುತ್ತದೆ. ಸುದ್ದಿಯನ್ನು ಮುಟ್ಟಿಸಿದ ಪ್ರೋಟೀನೇ ಸುದ್ದಿಯನ್ನು ಆರಿಸಿತು. ನಮ್ಮ ಜೀವ ನಿಂತಿರುವುದು ಈ ಆರಿಸುವ ಕೆಲಸದ ಮೇಲೆ. ವಿಷದ ಗುರಿಯೂ ನೇರ ಅಲ್ಲಿಗೇ.

ವಿಷ ಬಂತು.

ಆರು ತುಂಡುಗಳ ಕೂಟ ಅದು. ಬಿ ಎಂಬ ಐದು ತುಂಡುಗಳು ಬಳೆಯಾಗಿ ಕೂತಿವೆ, ನಡುವೆ ಎ ಎಂಬ ಒಂದು. ಕೋಶದ ಹೊರಮೈಯಲ್ಲಿ ಜಿಎಂ1 ಎಂಬ ಸಕ್ಕರೆಗೊಂಚಲಿನ ಕೊಬ್ಬಿನಣುಗಳಿವೆ. ಕೋಶ ಅವನ್ನು ಇಟ್ಟುಕೊಂಡಿರುವುದು ತನ್ನ ಕೆಲಸಕ್ಕೆ. ಬಿ ತುಂಡುಗಳು ಐದೂ ಕೈಯಿಂದ ಅವನ್ನೇ ಬಿಗಿಯಾಗಿ ಹಿಡಿದವು. ತನ್ನ ಪೊರೆಯ ಚೂರನ್ನು ಆಗಾಗ ಒಳಕ್ಕೆ ಎಳೆದುಕೊಳ್ಳುವುದು ಕೋಶದ ಅಭ್ಯಾಸ. ಆ ಸಲ ಚೂರಿನ ಜೊತೆ ವಿಷವೂ ಒಳಗೆ ಬಂತು.

ಆದರೆ ಅದು ಬಂದದ್ದು ಕರುಳಿನ ಟೊಳ್ಳಿನ ಕಡೆಯಿಂದ. ಅದಕ್ಕೆ ಬೇಕಾದ ಅಡೆನೈಲಿಲ್ ಸೈಕ್ಲೇಸ್ ಇರುವುದು ಕೋಶದ ಎದುರು ಮಗ್ಗುಲಲ್ಲಿ, ರಕ್ತದ ಕಡೆ. ನಡುವೆ ಇಡೀ ಕೋಶವಿದೆ. ವಿಷ ಹಿಡಿದದ್ದು ಹಿಂದುಮುಂದಾದ ದಾರಿ. ಕೋಶ ತಯಾರಿಸಿದ ಪ್ರೋಟೀನುಗಳು ಹೊರಹೋಗಲು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಪೊರೆಜಾಲದಿಂದ ಗಾಲ್ಜಿ ಎಂಬ ಪೊರೆಚೀಲಗಳಿಗೆ, ಗಾಲ್ಜಿಯಿಂದ ಹೊರಮೈಗೆ ಸಾಗುತ್ತವೆ. ವಿಷ ಅದೇ ದಾರಿಯಲ್ಲಿ ಉಲ್ಟಾ ಹೊರಟಿತು. ಹೊರಮೈಯಿಂದ ಗಾಲ್ಜಿಯ ಕಡೆಗೆ, ಅಲ್ಲಿಂದ ರೆಟಿಕ್ಯುಲಂನ ಆಳಕ್ಕೆ.

ಅಲ್ಲಿ ಕೆಟ್ಟ ಪ್ರೋಟೀನುಗಳನ್ನು ಹುಡುಕುವ ಪಹರೆಯಿದೆ. ಸರಿಯಾಗಿ ಮಡಚಿಕೊಳ್ಳದ ಪ್ರೋಟೀನನ್ನು ಬಿಡಿಸಿ, ಎಳೆಯಾಗಿಸಿ, ಒಂದು ಕಿಂಡಿಯ ಮೂಲಕ ಹೊರಗಿನ ಕೋಶರಸಕ್ಕೆ ದೂಡುತ್ತದೆ. ಅಲ್ಲಿ ಅದಕ್ಕೆ ಮರಣದ ಚೀಟಿ ಅಂಟಿಸಿ ಚೂರುಚೂರು ಮಾಡಲಾಗುತ್ತದೆ. ವಿಷದ ಎ ತುಂಡಿನಿಂದ ಕಳಚಿಕೊಂಡ ಎ1 ತಾನೂ ಮಡಿಕೆ ಬಿಚ್ಚಿಕೊಂಡಿತು. ಕೆಟ್ಟದ್ದೆಂದು ತಿಳಿದು ಕೋಶವೇ ಅದನ್ನು ಕಿಂಡಿಯಿಂದ ಆಚೆ ದಾಟಿಸಿತು. ಮರಣದ ಚೀಟಿ ಸಾಮಾನ್ಯವಾಗಿ ಅಂಟುವುದು ಲೈಸಿನ್ ಎಂಬ ಅಮೈನೋ ಆಮ್ಲದ ಮೇಲೆ. ಎ1ರಲ್ಲಿ ಲೈಸಿನ್ ಇರುವುದು ಬೆರಳೆಣಿಕೆಯಷ್ಟು. ಚೀಟಿ ಅಂಟಲಿಲ್ಲ. ಎ1 ಮತ್ತೆ ಮಡಚಿಕೊಂಡಿತು. ಬದುಕಿತು. ಕೋಶದ ಕಾವಲು ವ್ಯವಸ್ಥೆಯನ್ನೇ ಸವಾರಿ ಮಾಡಿಕೊಂಡು ಅದು ಈಗ ಕೋಶರಸದಲ್ಲಿ ನಿಂತಿದೆ. ಅಲ್ಲಿ ಆರ್ಫ್ ಎಂಬ, ಕೋಶದ್ದೇ ಆದ ಇನ್ನೊಂದು ಪ್ರೋಟೀನ್ ಅದಕ್ಕೆ ಜೊತೆಯಾಗಿ ಬಲ ತುಂಬುತ್ತದೆ.

ಜಿಎಸ್ ಆಲ್ಫಾ ಸಿಕ್ಕಿತು. ಅದರ ಸರಪಳಿಯ 201ನೇ ಸ್ಥಾನದಲ್ಲಿ ಆರ್ಜಿನಿನ್ ಎಂಬ ಅಮೈನೋ ಆಮ್ಲವಿದೆ. ಜಿಟಿಪಿಯ ತುದಿಯ ಫಾಸ್ಫೇಟನ್ನು ಕತ್ತರಿಸುವ ಕೆಲಸದಲ್ಲಿ ಕೈಯಿಡುವುದು ಈ ಆರ್ಜಿನಿನ್. ಎ1 ಕೋಶದಲ್ಲಿ ಧಾರಾಳವಾಗಿರುವ ಎನ್‌ಎಡಿ ಎಂಬ ಅಣುವನ್ನು ಮುರಿದು ಅದರ ದೊಡ್ಡ ಚೂರನ್ನು, ಎಡಿಪಿ-ರೈಬೋಸನ್ನು, ಆ ಆರ್ಜಿನಿನ್ ಮೇಲೆ ಹೇರಿತು. ಕೈ ಕಟ್ಟಿಹೋಯಿತು. ಆಲ್ಫಾ ಜಿಟಿಪಿ ಹಿಡಿದಿದೆ, ಓಡುತ್ತಿದೆ, ಸೈಕ್ಲೇಸನ್ನು ಮುಟ್ಟಿಯೇ ಇದೆ. ಕತ್ತರಿಸಲು ಮಾತ್ರ ಆಗುತ್ತಿಲ್ಲ. ಎ1 ಆಗಲೇ ಮುಂದಿನ ಆಲ್ಫಾದ ಬಳಿ ಇದೆ. ಅದು ಕಿಣ್ವ, ಒಂದನ್ನು ಕೆಡಿಸಿದರೆ ಅದರ ಶಕ್ತಿ ಖರ್ಚಾಗುವುದಿಲ್ಲ.

ರಿಸೆಪ್ಟರಿನ ಹೊರಗೆ ಯಾರೂ ಬಂದಿಲ್ಲ. ಬಾಗಿಲು ತಟ್ಟಿದವರಿಲ್ಲ. ಒಳಗೆ ಮಾತ್ರ ನೀರು ಬಿಡು, ನೀರು ಬಿಡು ಎಂಬ ಆಜ್ಞೆ ನಿಲ್ಲದೆ ಮೊಳಗುತ್ತಿದೆ. ಸೈಕ್ಲಿಕ್ ಎಎಂಪಿ ಏರುತ್ತಲೇ ಇದೆ. ಕ್ಲೋರೈಡಿನ ಕಾಲುವೆಗಳು ತೆರೆದಲ್ಲಿ ತೆರೆದಂತೆ ನಿಂತಿವೆ. ಅಕ್ಕಚ್ಚಿನ ಹಾಗೆ ಬೆಳ್ಳಗೆ ಮಬ್ಬಾದ ಭೇದಿ. ಕಣ್ಣು ಗುಳಿಬಿತ್ತು. ಚರ್ಮ ಚಿವುಟಿದರೆ ಚಿವುಟಿದ ಹಾಗೇ ನಿಂತಿತು. ಮೀನಖಂಡ ಸೆಟೆದುಕೊಂಡಿತು. ಧ್ವನಿ ಅಡಗಿತು. ಮಣಿಕಟ್ಟಿನಲ್ಲಿ ನಾಡಿ ಸಿಗದಾಯಿತು. ಇಷ್ಟಾದರೂ ಮನುಷ್ಯನಿಗೆ ಹೆಚ್ಚಾಗಿ ಎಚ್ಚರವಿರುತ್ತದೆ. ನೀರು ಕೇಳುತ್ತಾನೆ.

ಇಂಥದೊಂದು ವಿಷವಿರಬೇಕು ಎಂದು 1884ರಲ್ಲೇ ರಾಬರ್ಟ್ ಕಾಕ್ ಊಹಿಸಿದ್ದರು. ಎಷ್ಟೋ ದಶಕ ಅದು ಯಾರ ಕೈಗೂ ಸಿಗಲಿಲ್ಲ. ಕೊನೆಗೆ ಹಿಡಿದವರು ಕಲ್ಕತ್ತದ ಶಂಭುನಾಥ್ ಡೇ. ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸೋಸಿ, ಒಂದೂ ಬ್ಯಾಕ್ಟೀರಿಯಾ ಉಳಿಯದಂತೆ ಮಾಡಿ, ಆ ತಿಳಿಯನ್ನು ಕರುಳಿನ ತುಂಡಿಗೆ ಹಾಕಿದರು. ತುಂಡು ನೀರು ತುಂಬಿ ಊದಿಕೊಂಡಿತು. ಕೊಲ್ಲುವುದು ಬ್ಯಾಕ್ಟೀರಿಯಾ ಬಿಡುವ ವಿಷ ಎಂದು ಖಚಿತವಾಯಿತು. 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಕಿರುಲೇಖನಕ್ಕೆ ಸಿಗಬೇಕಾದ ಮರ್ಯಾದೆ ಅವರ ಕಾಲದಲ್ಲಿ ಸಿಗಲಿಲ್ಲ. ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಅವರೇ ಡೇ ಅವರ ಹೆಸರನ್ನು ನೊಬೆಲ್‌ಗೆ ಸೂಚಿಸಿದ್ದರು. ಡೇ 1985ರಲ್ಲಿ ತೀರಿಕೊಂಡರು. ನಮ್ಮ ಶಾಲಾ ಪಠ್ಯಗಳಲ್ಲಿ ಅವರ ಹೆಸರು ಇರಬೇಕಿತ್ತು ಎಂದು ನಾನು ದೃಢವಾಗಿ ನಂಬಿದ್ದೇನೆ.

ಇದೇ ಒಗಟಿನತ್ತ ಇನ್ನೊಂದು ಕಡೆಯಿಂದ ಬೇರೆಯವರು ಬರುತ್ತಿದ್ದರು. ಅಮೆರಿಕದಲ್ಲಿ ಅರ್ಲ್ ಸದರ್ಲ್ಯಾಂಡ್ ಯಕೃತ್ತಿನ ಕೋಶಗಳನ್ನು ಅರೆದು, ಅವುಗಳ ಪೊರೆಗಳ ಮೇಲೆ ಅಡ್ರಿನಲಿನ್ ಹಾಕಿ, ಅಲ್ಲಿ ಹುಟ್ಟಿದ ಹೊಸ ಅಣುವನ್ನು 1950ರ ದಶಕದ ಕೊನೆಯಲ್ಲಿ ಗುರುತಿಸಿದ್ದರು. ಅದೇ ಸೈಕ್ಲಿಕ್ ಎಎಂಪಿ. ರಿಸೆಪ್ಟರಿಗೂ ಸೈಕ್ಲೇಸಿಗೂ ನಡುವೆ ಇನ್ನೊಬ್ಬ ಓಟಗಾರನಿದ್ದಾನೆ, ಅವನಿಗೆ ಜಿಟಿಪಿ ಬೇಕು ಎಂದು ಮಾರ್ಟಿನ್ ರಾಡ್‌ಬೆಲ್ ಸುಮಾರು 1970ರಲ್ಲಿ ತೋರಿಸಿದರು. ಜೆರುಸಲೇಮಿನಲ್ಲಿ ಕ್ಯಾಸೆಲ್ ಮತ್ತು ಸೆಲಿಂಜರ್ 1977ರಲ್ಲಿ, ಕಾಲರಾ ವಿಷ ತಡೆಯುವುದು ಆ ಜಿಟಿಪಿ ಕತ್ತರಿಸುವ ಕೆಲಸವನ್ನೇ ಎಂದು ಪತ್ತೆಹಚ್ಚಿದರು. ಆಲ್‌ಫ್ರೆಡ್ ಗಿಲ್ಮನ್ ತಂಡ 1980ರ ಹೊತ್ತಿಗೆ ಜಿಎಸ್ ಪ್ರೋಟೀನನ್ನು ಬೇರ್ಪಡಿಸಿ ಕೈಗೆತ್ತಿಕೊಂಡಿತು. ಅದನ್ನು ಗುರುತಿಸಲು ನೆರವಾದ ಉಪಕರಣಗಳಲ್ಲಿ ಒಂದು ಇದೇ ಕಾಲರಾ ವಿಷ: ವಿಕಿರಣಶೀಲ ಎನ್‌ಎಡಿ ಕೊಟ್ಟರೆ ವಿಷವೇ ಹೋಗಿ ಜಿಎಸ್ ಮೇಲೆ ಗುರುತು ಹಾಕಿಬರುತ್ತಿತ್ತು. ರಾಡ್‌ಬೆಲ್ ಮತ್ತು ಗಿಲ್ಮನ್ 1994ರಲ್ಲಿ ನೊಬೆಲ್ ಹಂಚಿಕೊಂಡರು.

ಸದರ್ಲ್ಯಾಂಡ್ ಅವರಿಗೆ ಸೈಕ್ಲಿಕ್ ಎಎಂಪಿಗಾಗಿ ನೊಬೆಲ್ ಘೋಷಣೆಯಾದದ್ದು 1971ರಲ್ಲಿ. ಅದೇ ವರ್ಷ ಬಂಗಾಳದ ಗಡಿಯಲ್ಲಿ ಅದೇ ಅಣು ಜನರನ್ನು ಗುಂಪುಗುಂಪಾಗಿ ಕೊಲ್ಲುತ್ತಿತ್ತು.

ಬಾಂಗ್ಲಾ ವಿಮೋಚನೆಯ ಯುದ್ಧ. ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದಿದ್ದರು. ಮಳೆಗಾಲ, ಕೆಸರು, ಬಯಲಲ್ಲೇ ಶೌಚ, ಅದೇ ನೀರು. ಕಾಲರಾ ಹಬ್ಬಿತು. ಕಲ್ಕತ್ತದಿಂದ ವೈದ್ಯ ದಿಲೀಪ್ ಮಹಾಲನಬಿಸ್ ತಂಡ ಗಡಿಯ ಬನ್‌ಗಾಂವ್ ಆಸ್ಪತ್ರೆಗೆ ಬಂದಾಗ ಎರಡು ಕೋಣೆಗಳ ನೆಲವೆಲ್ಲ ರೋಗಿಗಳಿಂದ ತುಂಬಿತ್ತು. ನರಕ್ಕೆ ಸಲೈನ್ ಚುಚ್ಚಬೇಕಾದರೆ ವಾಂತಿ-ಭೇದಿಯ ನಡುವೆಯೇ ಮಂಡಿಯೂರಿ ಕೂರಬೇಕು. ಬಂದ ಎರಡು ದಿನಗಳಲ್ಲೇ ಅವರಿಗೆ ಅರ್ಥವಾಯಿತು, ಕಾಲರಾ ವಿರುದ್ಧದ ಈ ಯುದ್ಧದಲ್ಲಿ ತಾವು ಸೋಲುತ್ತಿದ್ದೇವೆ. ಸಲೈನ್ ಬಾಟಲಿಗಳು ಮುಗಿಯುತ್ತಿದ್ದವು. ಸಲೈನ್ ಹಾಕಬಲ್ಲವರು ತಂಡದಲ್ಲಿ ಇಬ್ಬರೇ. ರೋಗಿಗಳು ಬರುತ್ತಲೇ ಇದ್ದರು.

ಮಹಾಲನಬಿಸ್ ಅವರಿಗೆ ಒಂದು ಸಂಗತಿ ಗೊತ್ತಿತ್ತು. ಕರುಳಿನ ಕೋಶದ ಅದೇ ಪೊರೆಯಲ್ಲಿ ಇನ್ನೊಂದು ಪ್ರೋಟೀನ್ ಬಾಗಿಲಿದೆ. ಇಂದು ಅದನ್ನು ಎಸ್‌ಜಿಎಲ್‌ಟಿ1 ಎನ್ನುತ್ತೇವೆ. ಸೋಡಿಯಂ ಮತ್ತು ಗ್ಲೂಕೋಸ್ ಎರಡೂ ಜೊತೆಯಾಗಿ ಬಂದರೆ ಮಾತ್ರ ಅದು ಒಳಬಿಡುತ್ತದೆ: ಎರಡು ಸೋಡಿಯಂಗೆ ಒಂದು ಗ್ಲೂಕೋಸ್. ಅವು ಒಳಹೋದರೆ ನೀರೂ ಬೆನ್ನಿಗೆ ಹೋಗುತ್ತದೆ. ಈ ಜೋಡಿ ಪ್ರಯಾಣದ ಕಲ್ಪನೆಯನ್ನು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನಲ್ಲಿ ಮಂಡಿಸಿದ್ದರು. ಕಾಲರಾದಲ್ಲಿ ಬರೀ ಉಪ್ಪುನೀರು ಕುಡಿಸಿದರೆ ನಿಲ್ಲುವುದಿಲ್ಲ, ಏಕೆಂದರೆ ಏರಿದ ಸೈಕ್ಲಿಕ್ ಎಎಂಪಿ ಉಪ್ಪು ಹೀರುವ ಮಾಮೂಲಿ ದಾರಿಯನ್ನೂ ಮುಚ್ಚಿಸಿಬಿಟ್ಟಿರುತ್ತದೆ. ಗ್ಲೂಕೋಸಿನ ಬಾಗಿಲನ್ನು ಮಾತ್ರ ವಿಷಕ್ಕೆ ಮುಚ್ಚಿಸಲು ಆಗುವುದಿಲ್ಲ. ಕಲ್ಕತ್ತದಲ್ಲೇ ಹೇಮೇಂದ್ರನಾಥ್ ಚಟರ್ಜಿ 1953ರಲ್ಲಿ ಬಾಯಿಯ ಮೂಲಕ ದ್ರಾವಣ ಕೊಟ್ಟು ಗೆದ್ದಿದ್ದರು. 1968ರಲ್ಲಿ ಢಾಕಾದಲ್ಲಿ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ ಗ್ಲೂಕೋಸ್-ಉಪ್ಪಿನ ದ್ರಾವಣದ ಬಲವನ್ನು ಆಸ್ಪತ್ರೆಯಲ್ಲಿ ಸಾಬೀತು ಮಾಡಿದ್ದರು. ಆದರೆ ಅದು ವೈದ್ಯರ ಕಣ್ಗಾವಲಿನಲ್ಲಿ, ಲೆಕ್ಕಾಚಾರದ ಜೊತೆ. ಕೆಸರು ತುಂಬಿದ ಶಿಬಿರದಲ್ಲಿ, ತರಬೇತಿಯಿಲ್ಲದವರ ಕೈಯಲ್ಲಿ, ಸಾವಿರಾರು ಜನಕ್ಕೆ? ಯಾರೂ ಮಾಡಿರಲಿಲ್ಲ.

ಮಹಾಲನಬಿಸ್ ಮಾಡಿದರು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡ. ಕಲ್ಕತ್ತದ ಸಂಶೋಧನಾ ಕೇಂದ್ರದ ಗ್ರಂಥಾಲಯದ ಕೋಣೆಯಲ್ಲಿ ತೂಗಿ, ಪಾಲಿಥೀನ್ ಚೀಲಕ್ಕೆ ತುಂಬಿ, ಬಿಸಿ ಇಸ್ತ್ರಿಯಿಂದ ಅಂಚು ಮುಚ್ಚಿ, ಗಾಡಿಗಳಲ್ಲಿ ಗಡಿಗೆ ಸಾಗಿಸಿದರು. ಅಲ್ಲಿ ನಲ್ಲಿಯಿರುವ ಡ್ರಮ್ಮುಗಳಲ್ಲಿ ಕದಡಿದರು. ತಾಯಿ, ಅಣ್ಣ, ಅಜ್ಜಿ ಲೋಟ ಹಿಡಿದು ಬಂದರು, ತುಂಬಿಸಿಕೊಂಡರು, ತಮ್ಮವರ ಬಾಯಿಗೆ ಹಿಡಿದರು. ವಾಂತಿಯಾಯಿತು. ಮತ್ತೆ ಹಿಡಿದರು. ಭೇದಿ ನಿಲ್ಲಲಿಲ್ಲ, ನಿಲ್ಲುವುದೂ ಇಲ್ಲ, ಒಳಗೆ ಆಲ್ಫಾ ಇನ್ನೂ ಜಿಟಿಪಿ ಹಿಡಿದೇ ಇದೆ. ಆದರೆ ಹೋದಷ್ಟು ನೀರು ಇನ್ನೊಂದು ಬಾಗಿಲಿನಿಂದ ವಾಪಸು ಬರುತ್ತಿತ್ತು. ನಾಡಿ ಮರಳಿತು. ಮೂತ್ರ ಬಂತು. ಮಗು ಕಣ್ಣು ತೆರೆದು ಅಳತೊಡಗಿತು.

ಎಷ್ಟು ಹೊತ್ತು ಹೀಗೆ ಹೋರಾಡಬೇಕು? ಇಲ್ಲಿ ದೇಹದ ಪರವಾಗಿ ಒಂದು ಬಲವಾದ ಸಂಗತಿ ಇದೆ. ಎ1 ಕಟ್ಟಿಹಾಕಿದ ಆರ್ಜಿನಿನ್ನನ್ನು ಬಿಡಿಸುವ ಔಷಧ ವೈದ್ಯರ ಕೈಯಲ್ಲಿಲ್ಲ. ಆದರೆ ಕರುಳಿನ ಒಳಪದರದ ಕೋಶಗಳ ಆಯುಸ್ಸೇ ಕೆಲವು ದಿನ. ಹಳೆಯವು ಉದುರಿ, ಕೆಳಗಿನಿಂದ ಹೊಸವು ಏರಿಬರುತ್ತವೆ. ವಿಷ ಹೊಕ್ಕ ಕೋಶಗಳು ತಮ್ಮ ಆರದ ಸಂದೇಶವನ್ನು ಹೊತ್ತುಕೊಂಡೇ ಉದುರಿಹೋಗುತ್ತವೆ. ಹೊಸ ಕೋಶದ ಜಿಎಸ್‌ಗೆ ಕತ್ತರಿಸಲು ಬರುತ್ತದೆ. ಅಷ್ಟು ದಿನ ಮನುಷ್ಯನನ್ನು ಒಣಗಲು ಬಿಡದೆ ಹಿಡಿದಿಟ್ಟರೆ ಸಾಕು, ಗೆದ್ದಂತೆ.

ಬನ್‌ಗಾಂವ್‌ನಲ್ಲಿ ಕೆಲವೇ ವಾರಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ಹೀಗೆ ಚಿಕಿತ್ಸೆ ನಡೆಯಿತು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಅವರ ಕೈಯಲ್ಲಿ ಶೇ. 3.6ಕ್ಕೆ ಇಳಿಯಿತು. ವೈದ್ಯಲೋಕ ಸುಲಭವಾಗಿ ನಂಬಲಿಲ್ಲ. ವರದಿ ಅಚ್ಚಾದದ್ದು 1973ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಧೀಮಾನ್ ಬರುವಾ ಶಿಬಿರಕ್ಕೇ ಬಂದು ಕಣ್ಣಾರೆ ಕಂಡರು, ಆಮೇಲೆ ಇದರ ಪರ ನಿಂತು ದುಡಿದರು. ಸೋಡಿಯಂ-ಗ್ಲೂಕೋಸ್ ಜೋಡಿಯ ಶೋಧ ಈ ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಆಗಿರಬಹುದು ಎಂದು 1978ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಬರೆಯಿತು. ಮಹಾಲನಬಿಸ್ 2022ರ ಅಕ್ಟೋಬರಿನಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ, ಮರಣೋತ್ತರವಾಗಿ.

ಆ ಡ್ರಮ್ಮಿನ ದ್ರಾವಣವೇ ಸುಧಾರಿಸಿಕೊಂಡು ಇಂದು ಓಆರ್‌ಎಸ್ ಪೊಟ್ಟಣವಾಗಿದೆ. 2002ರಿಂದ ಜಾರಿಯಲ್ಲಿರುವ ಸೂತ್ರದಂತೆ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್. ಸೋಡಿಯಂ ಮತ್ತು ಗ್ಲೂಕೋಸಿನ ಕಣಗಳು ಇದರಲ್ಲಿ ಸರಿಸಮ. ಆದ್ದರಿಂದ ಹಣ್ಣಿನ ರುಚಿಯ ಸಿಹಿ ಪಾನೀಯಗಳನ್ನು ಇದರ ಬದಲಿಗೆ ಕೊಡಬೇಡಿ. ಸಕ್ಕರೆ ಹೆಚ್ಚಾದರೆ ಕರುಳು ಮತ್ತಷ್ಟು ನೀರನ್ನು ಹೊರಗೆಳೆಯುತ್ತದೆ. ಪೊಟ್ಟಣ ಔಷಧದ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿ ಸಿಗುತ್ತದೆ. ಎರಡು ಪೊಟ್ಟಣ ಮನೆಯಲ್ಲಿ ಯಾವಾಗಲೂ ಇರಲಿ. ಅದೂ ಇಲ್ಲದ ಹೊತ್ತಿನಲ್ಲಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡನ್ನೂ ಚಮಚದ ಅಂಚಿಗೆ ಸಮಮಾಡಿ ಹಾಕಿ ಕದಡಿ. ವಾಂತಿಯಾದರೂ ಹತ್ತು ನಿಮಿಷ ಬಿಟ್ಟು ಗುಟುಕು ಗುಟುಕಾಗಿ ಮತ್ತೆ ಕೊಡಿ. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಂಕು ಕವಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕುಡಿಯುವಷ್ಟು ಎಚ್ಚರವಿದ್ದರೆ ದಾರಿಯಲ್ಲೂ ಕುಡಿಸುತ್ತಲೇ ಇರಿ.